ಏರ್‌ಗನ್ನಿನ ನಳಿಗೆ ದಪ್ಪವಾದ ಕಥೆ

ಏರ್‌ಗನ್ ಹುಚ್ಚಿನವರು ಇಬ್ಬರು ಒಟ್ಟಿಗೆ ಕೂತರೆ ಮಾತು ಬಂದು ನಿಲ್ಲೋದು ಒಂದೇ ಕಡೆ. 0.177 ಒಳ್ಳೇದಾ, 0.22 ಒಳ್ಳೇದಾ? ಅಂದರೆ ನಳಿಗೆಯ ತೂತು 4.5 ಮಿಲಿಮೀಟರ್ ಇರಬೇಕಾ, 5.5 ಇರಬೇಕಾ ಅಂತ. ಒಂದೇ ಒಂದು ಮಿಲಿಮೀಟರ್ ವ್ಯತ್ಯಾಸ! ಇದಕ್ಕೆ ನೂರು ವರ್ಷಕ್ಕಿಂತ ಹೆಚ್ಚು ಕಾಲದಿಂದ ಜಗಳ ನಡೀತಿದೆ. "ಇರೋ ಗನ್ನಿಗೇ ದೊಡ್ಡ ನಳಿಗೆ ಹಾಕಿಸಿಬಿಟ್ರೆ ಆಯ್ತಲ್ಲ" ಅನ್ನೋ ಆಸೆಯೂ ಅಷ್ಟೇ ಹಳೇದು. ಆ ಆಸೆಯ ಇತಿಹಾಸ ಸ್ವಲ್ಪ ನೋಡೋಣ ಬನ್ನಿ.

ಗಾಳಿಕೋವಿ ಅಂದರೆ ಮಕ್ಕಳಾಟ ಅಂದುಕೊಂಡವರಿಗೆ ಮೊದಲು ಒಂದು ಮಾತು. 1780ರ ಆಸುಪಾಸಿನಲ್ಲಿ ಆಸ್ಟ್ರಿಯಾದ ಸೈನ್ಯವೇ ಗಾಳಿಕೋವಿ ಇಟ್ಟುಕೊಂಡಿತ್ತು. ಬಾರ್ತೊಲೊಮಿಯೊ ಜಿರಾರ್ದೋನಿ ಎಂಬಾತ ಮಾಡಿದ ಅದರ ತೂತು ಸುಮಾರು 0.46 ಅಂಗುಲ. ಸೀಸದ ಗುಂಡು, ಒಮ್ಮೆ ತುಂಬಿದರೆ ಇಪ್ಪತ್ತು ಹೊಡೆತ. ಆದರೆ ಹಿಂಬದಿಯ ಡಬ್ಬಿಗೆ ಗಾಳಿ ತುಂಬಲು ಕೈಪಂಪನ್ನು ಸುಮಾರು 1500 ಸಲ ಒತ್ತಬೇಕಿತ್ತಂತೆ, ಪಾಪ ಆ ಸಿಪಾಯಿಗಳು :) 1804ರಿಂದ 1806ರವರೆಗೆ ಅಮೆರಿಕಾದ ಪಶ್ಚಿಮಕ್ಕೆ ಹೊರಟ ಲೂಯಿಸ್ ಮತ್ತು ಕ್ಲಾರ್ಕ್ ತಂಡವೂ ಒಂದು ಗಾಳಿಕೋವಿ ಒಯ್ದಿತ್ತು. ದಾರಿಯಲ್ಲಿ ಸಿಕ್ಕ ಮೂಲನಿವಾಸಿಗಳ ಮುಂದೆ ಅದನ್ನು ಹೊಡೆದು ತೋರಿಸಿ ಬೆರಗುಗೊಳಿಸುತ್ತಿದ್ದರು.

ಆದರೆ ನಮ್ಮ ಕಥೆಯ ನಾಯಕ ಇದಲ್ಲ, ಸ್ಪ್ರಿಂಗ್-ಪಿಸ್ಟನ್ ಗನ್. ಇದರಲ್ಲಿ ಮೊದಲೇ ಗಾಳಿ ತುಂಬಿಡುವುದಿಲ್ಲ. ನಳಿಗೆಯನ್ನು ಮಡಚಿದಾಗ ಅಥವಾ ಸನ್ನೆ ಎಳೆದಾಗ ಸಿಲಿಂಡರಿನೊಳಗೆ ಪಿಸ್ಟನ್ ಹಿಂದೆ ಸರಿದು ಸ್ಪ್ರಿಂಗ್ ಕುಗ್ಗುತ್ತದೆ. ಕುದುರೆ ಎಳೆದರೆ ಪಿಸ್ಟನ್ ಮುಂದಕ್ಕೆ ನುಗ್ಗಿ ಗಾಳಿಯನ್ನು ಒಂದು ಚಿಕ್ಕ ಕಿಂಡಿಯಿಂದ ನಳಿಗೆಗೆ ತಳ್ಳುತ್ತದೆ. ನಮ್ಮ ಮಲೆನಾಡಿನ ಮಕ್ಕಳು ಬಿದಿರಿನ ಕೊಳವೆಗೆ ಕಾಯಿ ತುರುಕಿ ಕಡ್ಡಿಯಿಂದ ತಳ್ಳಿ 'ಟಪ್' ಅನ್ನಿಸುತ್ತಿದ್ದ ಪೆಟ್ಲು ನೆನಪಿದೆಯಾ? ತತ್ವ ಅದೇ. ಕೈಯ ಜಾಗದಲ್ಲಿ ಸ್ಪ್ರಿಂಗ್ ಬಂದಿದೆ, ಅಷ್ಟೆ.

ಇದು ಜನರ ಕೈಗೆ ಬಂದದ್ದು 19ನೇ ಶತಮಾನದ ಕೊನೆಯಲ್ಲಿ. ಅಮೆರಿಕಾದಲ್ಲಿ ಗಾಳಿಯಂತ್ರ ಮಾರುತ್ತಿದ್ದ ಒಂದು ಕಂಪನಿ 1880ರ ದಶಕದಲ್ಲಿ ಏರ್‌ಗನ್ ಮಾಡಲು ಹೊರಟು, ಕೊನೆಗೆ ಗಾಳಿಯಂತ್ರ ಬಿಟ್ಟು ಅದನ್ನೇ ಹಿಡಿಯಿತು. ಅದೇ ಡೈಸಿ. ಜರ್ಮನಿಯ ರಾಸ್ಟಾಟ್‌ನಲ್ಲಿ 1890ರಲ್ಲಿ ಮೇಯರ್ ಮತ್ತು ಗ್ರಾಮೆಲ್‌ಸ್ಪಾಹರ್ ಶುರುಮಾಡಿದ್ದು ಡಯಾನಾ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಲಿಂಕನ್ ಜೆಫ್ರೀಸ್ ಎಂಬಾತನ ವಿನ್ಯಾಸವನ್ನು ಬಿಎಸ್ಎ ಕಂಪನಿ 1905ರಿಂದ ತಯಾರಿಸತೊಡಗಿತು. ಹೌದು, ಮುಂದೆ ಮೋಟಾರ್ ಸೈಕಲ್ಲಿಗೆ ಹೆಸರಾದ ಬಿಎಸ್ಎಯೇ!

ಅಳತೆಯ ಜಗಳ ಚೆನ್ನಾಗಿ ಕಾಣೋದು ಇಲ್ಲೇ. ಬಿಎಸ್ಎಯವರು 0.177ಕ್ಕೆ ನಂಬರ್ 1, 0.22ಕ್ಕೆ ನಂಬರ್ 2, 0.25ಕ್ಕೆ ನಂಬರ್ 3 ಎಂದು ಹೆಸರಿಟ್ಟರು. ನಂಬರ್ ಒಂದು ಪಬ್ಬಿನ ಗಿರಾಕಿಗಳಿಗೆ. ಬರ್ಮಿಂಗ್‌ಹ್ಯಾಮ್‌ ಕಡೆಯ ಪಬ್ಬುಗಳಲ್ಲಿ ಉಕ್ಕಿನ ತಗಡಿನ ನಡುವೆ ಪುಟ್ಟ ತೂತು, ಅದರ ಹಿಂದೆ ಗಂಟೆ. ಗುರಿ ಸರಿಯಿದ್ದರೆ 'ಠಣ್'. ಆರೇಳು ಗಜದ ದೂರಕ್ಕೆ ಚಿಕ್ಕ ಪೆಲೆಟ್ ಸಾಕೇಸಾಕು. ಆದರೆ ಹೊಲದ ಮೊಲ, ಕಣಜದ ಇಲಿ ಹೊಡೆಯುವ ರೈತನಿಗೆ ಗಂಟೆಯ ಸದ್ದು ಯಾಕೆ? ಅವನು ಕೇಳಿದ್ದು ನಂಬರ್ ಎರಡು. ಅಂದರೆ ದೊಡ್ಡ ತೂತಿನ ಆಸೆಯ ಬೇರು ಇರುವುದು ಗುರಿಯಲ್ಲಲ್ಲ, ಬೇಟೆಯಲ್ಲಿ.

ಹಾಗಾದರೆ ಒಂದೇ ಗನ್ನಿನಲ್ಲಿ ಎರಡೂ ಆಗಬಾರದೇ? ಹಳೇ ಬಿಎಸ್ಎಯಲ್ಲಿ ಅದು ಸುಲಭವಿರಲಿಲ್ಲ. ಪೆಲೆಟ್ಟನ್ನು ನಳಿಗೆಯ ಬುಡದಲ್ಲಿದ್ದ ನಲ್ಲಿಯಂಥ ತಿರುಪಿಗೆ ಹಾಕಬೇಕಿತ್ತು. ನಳಿಗೆ ಬದಲಿಸಿದರೆ ಆ ತಿರುಪಿನ ತೂತೂ ಹೊಂದಬೇಕು. ಇದಕ್ಕೆ ಸೊಗಸಾದ ಉತ್ತರ ಕೊಟ್ಟದ್ದು ವೆಬ್ಲಿ ಕಂಪನಿ. 1932ರಲ್ಲಿ ಬಂದ ಅವರ ಸರ್ವಿಸ್ ಮಾರ್ಕ್ 2 ರೈಫಲ್ಲಿನ ನಳಿಗೆಯನ್ನು ಸಲೀಸಾಗಿ ಬಿಡಿಸಿ ಇನ್ನೊಂದನ್ನು ಕೂಡಿಸಬಹುದಿತ್ತು. 0.177, 0.22, 0.25 ಮೂರೂ ಅಳತೆಯ ನಳಿಗೆಗಳು ಸಿಗುತ್ತಿದ್ದವು. ಬೆಳಿಗ್ಗೆ ಗುರಿಯಾಟ, ಸಂಜೆ ಮೊಲದ ಬೇಟೆ! ನನ್ನನ್ನು ಕೇಳಿದರೆ ಏರ್‌ಗನ್ ಇತಿಹಾಸದ ಅತಿ ಜಾಣ ವಿನ್ಯಾಸಗಳಲ್ಲಿ ಇದೂ ಒಂದು. ಸಂಗ್ರಹಕಾರರು ಮೂರೂ ನಳಿಗೆಗಳ ಜೊತೆ ಸಿಕ್ಕರೆ ಬಿಡೋದೇ ಇಲ್ಲ.

ಈಗ ಮುಖ್ಯ ಪ್ರಶ್ನೆ. ನಳಿಗೆ ದಪ್ಪವಾದರೆ ಗನ್ನಿನ ಶಕ್ತಿ ಹೆಚ್ಚುತ್ತಾ? ಬಹಳ ಜನ ಎಡವೋದು ಇಲ್ಲೇ. ಶಕ್ತಿ ಇರೋದು ಸ್ಪ್ರಿಂಗಿನಲ್ಲಿ, ನಳಿಗೆಯಲ್ಲಲ್ಲ. 4.5ರಿಂದ 5.5ಕ್ಕೆ ಹೋದರೆ ತೂತಿನ ವಿಸ್ತೀರ್ಣ ಸುಮಾರು ಒಂದೂವರೆ ಪಟ್ಟಾಗುತ್ತದೆ, ಗಾಳಿಗೆ ತಳ್ಳಲು ಜಾಗ ಹೆಚ್ಚು ಸಿಗುತ್ತದೆ. ಹಾಗಾಗಿ ಶಕ್ತಿ ತುಸು ಏರಬಹುದು, ಅಷ್ಟೇ. ಪೆಲೆಟ್ ಮಾತ್ರ ಭಾರವಾಗುತ್ತದೆ, ವೇಗ ಧಡಕ್ಕನೆ ಇಳಿಯುತ್ತದೆ. ಲೆಕ್ಕ ನೋಡಿ: ಬ್ರಿಟನ್ನಿನ ಕಾನೂನಿನ ಮಿತಿಯಾದ 12 ಅಡಿ-ಪೌಂಡ್ (16 ಜೌಲಿಗಿಂತ ಸ್ವಲ್ಪ ಹೆಚ್ಚು) ಶಕ್ತಿಯಲ್ಲಿ 8 ಗ್ರೇನಿನ ಚಿಕ್ಕ ಪೆಲೆಟ್ ಸೆಕೆಂಡಿಗೆ ಸುಮಾರು 250 ಮೀಟರ್ ಓಡಿದರೆ, 14.5 ಗ್ರೇನಿನ ದೊಡ್ಡದು 186 ಮೀಟರ್ ಮಾತ್ರ. ಚಿಕ್ಕದು ಹೆಚ್ಚುಕಮ್ಮಿ ನೇರ ಹೋಗುತ್ತದೆ, ದೊಡ್ಡದು ಕಮಾನಿನಂತೆ ಬಾಗಿ ಇಳಿಯುತ್ತದೆ. ದೂರ ಅಳೆಯುವುದರಲ್ಲಿ ಸ್ವಲ್ಪ ತಪ್ಪಿದರೂ ಗುರಿ ತಪ್ಪಿತು. ಬಡಕಲು ಸ್ಪ್ರಿಂಗಿನ ಗನ್ನಿಗೆ ದಪ್ಪ ನಳಿಗೆ ಹಾಕುವುದೂ, ಎಂಟನೇ ಕ್ಲಾಸಿನ ಹುಡುಗನಿಗೆ ಅಪ್ಪನ ಪ್ಯಾಂಟು ಹಾಕುವುದೂ ಒಂದೇ.

ಇನ್ನೊಂದು ವಿಚಿತ್ರ ಹೇಳಿಬಿಡ್ತೀನಿ. ಕಾರ್ಡ್ಯೂ ಎಂಬ ತಂದೆ-ಮಗ ಇಂಗ್ಲೆಂಡಿನಲ್ಲಿ ಸ್ಪ್ರಿಂಗ್ ಗನ್ನನ್ನು ಗಾಳಿಯ ಬದಲು ನೈಟ್ರೋಜನ್ ತುಂಬಿ ಹೊಡೆದು ನೋಡಿದರು. ವೇಗ ಬಿದ್ದುಹೋಯಿತು! ಅಂದರೆ ಮಾಮೂಲಿ ಹೊಡೆತದಲ್ಲಿ ಸಿಲಿಂಡರಿನೊಳಗಿನ ಎಣ್ಣೆಯ ಅಂಶ ಬಿಸಿಗಾಳಿಯಲ್ಲಿ ಒಂಚೂರು ಉರಿದು ಸಹಾಯ ಮಾಡುತ್ತಿತ್ತು. ಬರೀ ಗಾಳಿಯ ಕೋವಿ ಅಂದುಕೊಂಡದ್ದು ಪೂರಾ ಗಾಳಿಯದ್ದಾಗಿರಲಿಲ್ಲ!

ಕೊನೆಗೆ ಅಳತೆಯನ್ನು ನಿರ್ಧರಿಸಿದ್ದು ಮಿಸ್ತ್ರಿಗಳಲ್ಲ, ಕ್ರೀಡೆ ಮತ್ತು ಕಾನೂನು. 1966ರಲ್ಲಿ ವೀಸ್‌ಬಾಡೆನ್‌ನ ವಿಶ್ವ ಚಾಂಪಿಯನ್‌ಷಿಪ್ಪಿಗೆ, 1984ರಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ಸಿಗೆ ಏರ್ ರೈಫಲ್ ಸೇರಿತು. ಅಳತೆ 4.5. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದದ್ದೂ ಇದೇ ತೂತಿನಿಂದ. ನಮ್ಮ ದೇಶದ 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ 4.5 ಮಿಲಿಮೀಟರ್ ಅಥವಾ 20 ಜೌಲ್ ಮೀರಿದ ಏರ್‌ಗನ್ನಿಗೆ ಪರವಾನಗಿ ಬೇಕು. ಅಂದರೆ ಗ್ಯಾರೇಜಿನಲ್ಲಿ 0.177 ಬಿಚ್ಚಿ 0.22 ನಳಿಗೆ ಕೂರಿಸಿದ ಕ್ಷಣ, ಸ್ಪ್ರಿಂಗು ಅದೇ ಇದ್ದರೂ, ಕಾನೂನಿನ ಕಣ್ಣಿನಲ್ಲಿ ಅದು ಬೇರೆಯೇ ಆಯುಧ.

'ಚಿಕ್ಕದಾದರೆ ನಿರಪಾಯ' ಅನ್ನೋದೂ ಸುಳ್ಳೇ. ಪುಟ್ಟ ಹಕ್ಕಿಗೆ 4.5 ಧಾರಾಳ ಸಾಕು. ಸಲೀಂ ಅಲಿ ಹುಡುಗನಾಗಿದ್ದಾಗ ಆಟದ ಏರ್‌ಗನ್ನಿನಿಂದ ಒಂದು ಗುಬ್ಬಿ ಹೊಡೆದರು. ಕತ್ತಿನ ಬಳಿ ಹಳದಿ ಮಚ್ಚೆ ಕಂಡು ಕುತೂಹಲದಿಂದ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಮಿಲ್ಲರ್ಡ್ ಎಂಬವರ ಬಳಿಗೆ ಒಯ್ದರು. ಮುಂದೆ ನಮ್ಮ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದ್ದೂ ಅವರೇ. ಆದರೆ ಏರ್‌ಗನ್ ಹಿಡಿದ ಹುಡುಗರಲ್ಲಿ ಸಲೀಂ ಅಲಿಗಳಾದವರು ಎಷ್ಟು ಮಂದಿ?

ಅರುಣಾಚಲ ಪ್ರದೇಶದವರಿಗೆ ಈ ಲೆಕ್ಕ ಚೆನ್ನಾಗಿ ಅರ್ಥವಾಗಿತ್ತು. ಅಲ್ಲಿನ ಕಾಡಂಚಿನ ಊರುಗಳಲ್ಲಿ ಮನೆಮನೆಯಲ್ಲೂ ಏರ್‌ಗನ್, ಕಾಡಿನಲ್ಲಿ ಹಕ್ಕಿಯ ಸದ್ದಿಲ್ಲ. 2021ರ ಮಾರ್ಚ್‌ನಲ್ಲಿ ಪೂರ್ವ ಕಾಮೆಂಗ್ ಜಿಲ್ಲೆಯ ಲುಮ್‌ಡುಂಗ್ ಎಂಬ ಹಳ್ಳಿಯಲ್ಲಿ ಏರ್‌ಗನ್ ಒಪ್ಪಿಸುವ ಅಭಿಯಾನ ಶುರುವಾಯಿತು. ಯಾರ ಮೇಲೂ ಕೇಸಿಲ್ಲ, ದಂಡವಿಲ್ಲ, ತಾವಾಗಿಯೇ ತಂದುಕೊಡಬೇಕು. ಜನ ತಂದುಕೊಟ್ಟರು. ಆ ವರ್ಷದ ಡಿಸೆಂಬರ್ ಹೊತ್ತಿಗೆ ಒಪ್ಪಿಸಿದ ಗನ್ನುಗಳ ಸಂಖ್ಯೆ 1600 ದಾಟಿತ್ತು.