ರಕ್ತದ ಚೀಟಿಯಲ್ಲಿ ಸತು

2020ರಲ್ಲಿ ಕೊರೊನಾ ಬಂದಾಗ ಮನೆಮನೆಯಲ್ಲೂ ಕೇಳಿದ ಹೆಸರು ಝಿಂಕ್. ಅದು ನಮ್ಮ ಸತು. ಸತು ಕಡಿಮೆಯಾದರೆ ರೋಗ ಜೋರಾಗುತ್ತದೆ, ಆದ್ದರಿಂದ ಮಾತ್ರೆ ನುಂಗಬೇಕು ಎಂಬ ನಂಬಿಕೆ ಹಬ್ಬಿತು. ಈ ನಂಬಿಕೆಗೂ ಒಂದು ಚರಿತ್ರೆಯಿದೆ.

ಮನುಷ್ಯನಿಗೆ ಸತುವಿನ ಕೊರತೆ ಬರಲಾರದೆಂದೇ ವೈದ್ಯರು ಬಹುಕಾಲ ತಿಳಿದಿದ್ದರು. ಬಿಹಾರದ ಬಕ್ಸರ್‌ನಲ್ಲಿ ಹುಟ್ಟಿದ ವೈದ್ಯ ಆನಂದ ಪ್ರಸಾದ್ 1958ರಲ್ಲಿ ಇರಾನಿನ ಶಿರಾಜ್‌ನಲ್ಲಿ 21 ವರ್ಷದ ಒಬ್ಬ ಯುವಕನನ್ನು ಕಂಡರು. ನೋಡಲು ಹತ್ತು ವರ್ಷದ ಹುಡುಗನಂತಿದ್ದ. ಅವನ ಊಟ ಬಹುಪಾಲು ಹುಳಿ ಬರಿಸದ ಗೋಧಿ ರೊಟ್ಟಿ. ಜೊತೆಗೆ ಮಣ್ಣು ತಿನ್ನುವ ಅಭ್ಯಾಸ. ಧಾನ್ಯದ ತೌಡಿನಲ್ಲಿರುವ ಫೈಟೇಟ್ ಎಂಬ ವಸ್ತು ಸತುವನ್ನು ಹಿಡಿದಿಟ್ಟುಕೊಂಡು ದೇಹಕ್ಕೆ ಸೇರದಂತೆ ಮಾಡುತ್ತದೆ. ಮುಂದೆ ಈಜಿಪ್ಟಿನಲ್ಲಿ ಅಂಥವರನ್ನೇ ಪರೀಕ್ಷಿಸಿ, 1963ರಲ್ಲಿ ಪ್ರಸಾದ್ ಮತ್ತು ಸಂಗಡಿಗರು ಸತುವಿನ ಕೊರತೆಯನ್ನು ತೋರಿಸಿಕೊಟ್ಟರು.

1998ರಲ್ಲಿ ಪ್ರಕಟವಾದ ದೆಹಲಿಯ ಅಧ್ಯಯನವೊಂದು, ಸತು ಕೊಟ್ಟ ಪುಟ್ಟ ಮಕ್ಕಳಲ್ಲಿ ಶ್ವಾಸಕೋಶದ ಸೋಂಕು ಕಡಿಮೆಯಾಯಿತೆಂದಿತು. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್, ಭೇದಿಯಾದ ಮಕ್ಕಳಿಗೆ ಓಆರ್‌ಎಸ್ ಜೊತೆ ಸತು ಕೊಡಿ ಎಂದವು.

ಕೊರೊನಾ ಕಾಲದಲ್ಲಿ ಚೆನ್ನೈಯ ವೈದ್ಯರು 47 ರೋಗಿಗಳ ರಕ್ತವನ್ನು 45 ಆರೋಗ್ಯವಂತರ ರಕ್ತದೊಂದಿಗೆ ಹೋಲಿಸಿದರು. ರೋಗಿಗಳಲ್ಲಿ ಸತು ಕಡಿಮೆ. ಕೊರತೆಯಿದ್ದವರಲ್ಲಿ ತೊಡಕು ಹೆಚ್ಚು. ಆದರೆ 2021ರಲ್ಲಿ ಅಮೆರಿಕದಲ್ಲಿ ಮನೆಯಲ್ಲೇ ಚಿಕಿತ್ಸೆ ಪಡೆಯುತ್ತಿದ್ದ 214 ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ ಬಂತು: ಸತುವಿನಿಂದಾಗಲಿ ವಿಟಮಿನ್ ಸಿ ಇಂದಾಗಲಿ ರೋಗಲಕ್ಷಣ ಬೇಗ ತಗ್ಗಲಿಲ್ಲ.

ಇದಕ್ಕೊಂದು ಕಾರಣ ದೇಹದಲ್ಲೇ ಇದೆ. ಸೋಂಕು ತಗುಲಿದಾಗ ದೇಹ ತಾನೇ ರಕ್ತದ ಸತುವನ್ನು ಯಕೃತ್ತಿಗೆ ಎಳೆದುಕೊಳ್ಳುತ್ತದೆ. ಆದ್ದರಿಂದ ಚೀಟಿಯಲ್ಲಿ ಕಾಣುವ ಕಡಿಮೆ ಅಂಕಿ ರೋಗ ಜೋರಾಗಲು ಕಾರಣವೂ ಇರಬಹುದು, ರೋಗ ಜೋರಾದುದರ ಫಲವೂ ಇರಬಹುದು. ಹೊಗೆಯನ್ನು ಕಂಡು ಅದೇ ಬೆಂಕಿ ಹಚ್ಚಿತು ಎನ್ನಲಾಗದು.

ನಂದಿಕೂರಿನವರು ಉಡುಪಿಗೋ ಮಣಿಪಾಲಕ್ಕೋ ಹೋಗಿ ರಕ್ತ ಕೊಟ್ಟು ತರುವ ಚೀಟಿಗೂ ಇದೇ ಮಾತು ಸಲ್ಲುತ್ತದೆ. ದೇಹದ ಸುಮಾರು 2 ಗ್ರಾಂ ಸತುವಿನಲ್ಲಿ ರಕ್ತದ್ರವದ ಪಾಲು ನೂರಕ್ಕೆ ಒಂದೂ ಇಲ್ಲ. ಮೀನು, ಮರುವಾಯಿ ಉಣ್ಣುವ, ದೋಸೆ ಹಿಟ್ಟು ಹುಳಿ ಬರಿಸುವ ಕರಾವಳಿಯ ಅಡುಗೆಮನೆ ಸತುವಿಗೆ ಅನುಕೂಲವೇ. ಹೊಟ್ಟೆ ತುಂಬಿದವರು ತಿಂಗಳುಗಟ್ಟಲೆ ಹೆಚ್ಚು ಸತು ನುಂಗಿದರೆ ದೇಹದ ತಾಮ್ರ ಇಳಿಯುತ್ತದೆ. ನಿಜಕ್ಕೂ ಬೇಕಿರುವುದು ಅರೆಹೊಟ್ಟೆಯ ಮಗುವಿಗೆ. ಅದರ ರಕ್ತವನ್ನು ಪರೀಕ್ಷೆಗೆ ಒಯ್ಯುವವರೇ ಕಡಿಮೆ.