ಗೃಧ್ರಸಿಯೂ ಬಿಂಬದರ್ಶಿತ ಸೂಚೀಚಿಕಿತ್ಸೆಯೂ: ಲೊಕ್ಕನಹಳ್ಳಿಯನ್ನು ಮುಂದಿಟ್ಟುಕೊಂಡು ಒಂದು ವಿವೇಚನೆ

ಕೊಳ್ಳೇಗಾಲದ ಕಡೆಯ ಲೊಕ್ಕನಹಳ್ಳಿಯ ಸುತ್ತಣ ಹೊಲಗಳಲ್ಲಿ ರಾಗಿ, ಮುಸುಕಿನ ಜೋಳಗಳನ್ನು ಬೆಳೆದು ಮೂಟೆ ಹೊರುವ ಜನರು, ಸೊಂಟದಲ್ಲಿ ಹುಟ್ಟಿದ ನೋವು ತೊಡೆಯ ಹಿಂಬದಿಯಿಂದ ಮೀನಖಂಡಕ್ಕಿಳಿದು ಪಾದವನ್ನು ಮುಟ್ಟಿತೆಂದರೆ ‘ನರ ಹಿಡಿದಿದೆ’ ಎನ್ನುತ್ತಾರೆ. ಪಟ್ಟಣದಲ್ಲಿ ಅದಕ್ಕೇ ‘ಡಿಸ್ಕ್ ಜಾರಿದೆ’ ಎಂಬ ಮಾತು. ಚರಕಸಂಹಿತೆಯು ವಾತವ್ಯಾಧಿಗಳ ಪ್ರಕರಣದಲ್ಲಿ ಗೃಧ್ರಸಿಯೆಂದು ಹೆಸರಿಸಿರುವ ರೋಗದ ಪಥವೂ ಇದೇ. ಹಳ್ಳಿಯ ಮಾತೇ ಇಲ್ಲಿ ಸತ್ಯಕ್ಕೆ ಹೆಚ್ಚು ಸಮೀಪವಾಗಿದೆಯೆಂದು ನನ್ನ ಮತ. ಏಕೆಂದರೆ ಕಶೇರುಗಳ ನಡುವಣ ಬಿಲ್ಲೆಯು ಎಲ್ಲಿಗೂ ಜಾರುವುದಿಲ್ಲ, ಅದರ ಮೃದುವಾದ ತಿರುಳು ಸುತ್ತಲಿನ ನಾರಿನ ಬಳೆಯನ್ನು ಸೀಳಿಕೊಂಡು ಹೊರಚಾಚಿ ನರಮೂಲವನ್ನು ಪೀಡಿಸುತ್ತದೆ. ಬಾಸ್ಟನ್ನಿನ ಮಿಕ್ಸ್‌ಟರ್ ಮತ್ತು ಬಾರ್ ಎಂಬ ಶಸ್ತ್ರವೈದ್ಯರ 1934ರ ಲೇಖನದಿಂದ ಈ ಕಾರಣವು ವೈದ್ಯಲೋಕಕ್ಕೆ ವಿಶದವಾಯಿತು.

ಬೆನ್ನನ್ನು ತೆರೆಯದೆ ಸೂಜಿಯಿಂದಲೇ ಆ ತಿರುಳನ್ನು ಕರಗಿಸುವ ಪ್ರಯತ್ನಕ್ಕೆ ಮೊದಲು ಒದಗಿದ್ದು ನಮ್ಮ ಹಿತ್ತಲಿನ ಪರಂಗಿಯ ಹಾಲು. ಅದರಿಂದ ಪಡೆದ ಕೈಮೋಪಪೇನ್ ಎಂಬ ಕಿಣ್ವವನ್ನು ಬಿಲ್ಲೆಯೊಳಕ್ಕೆ ಚುಚ್ಚಿದ ಫಲವನ್ನು ಅಮೆರಿಕದ ಲೈಮನ್ ಸ್ಮಿತ್ 1964ರಲ್ಲಿ ಪ್ರಕಟಿಸಿದರು. ಕೆಲವರಲ್ಲಿ ಪ್ರಾಣಾಂತಿಕ ಒಗ್ಗದಿಕೆ ಕಾಣಿಸಿಕೊಂಡುದರಿಂದ ಆ ವಿಧಾನ ಕ್ರಮೇಣ ಹಿಂದೆ ಸರಿಯಿತು. ಜಪಾನಿನ ಹಿಜಿಕಾಟ 1975ರಲ್ಲಿ ಸಣ್ಣ ನಳಿಗೆಯ ಮೂಲಕ ತಿರುಳನ್ನು ಕಿತ್ತು ತೆಗೆದರು. ಆಮೇಲೆ ಲೇಸರ್ ಕಿರಣವೂ ಓಜೋನ್ ಅನಿಲವೂ ಬಂದವು.

ಬಿಂಬವನ್ನು ನೋಡುತ್ತ ಸೂಜಿ ಹಾಯಿಸುವ ಇಂದಿನ ಕ್ರಮವನ್ನು ಹೇಳುವುದಾದರೆ, ರೋಗಿಯನ್ನು ಬೋರಲಾಗಿ ಮಲಗಿಸಿ, ಚರ್ಮವನ್ನಷ್ಟೆ ಮರಗಟ್ಟಿಸಿ, ಸಿ-ಆರ್ಮ್ ಎಂಬ ಎಕ್ಸ್-ಕಿರಣ ಯಂತ್ರವನ್ನು ಓರೆಯಾಗಿ ತಿರುಗಿಸಿ, ಹೊರಡುವ ನರಕ್ಕೂ ಕೆಳಗಿನ ಕಶೇರುವಿನ ಮೇಲಂಚಿಗೂ ನಡುವೆ ಉಳಿಯುವ, ಕಾಂಬಿನ್ನನ ತ್ರಿಕೋನವೆಂದು ಹೆಸರಾದ ಕಿರುದಾರಿಯಲ್ಲಿ ಸೂಜಿಯನ್ನು ಹಾಯಿಸಿ, ವರ್ಣದ್ರವ ಹರಡುವ ಬಗೆಯಿಂದ ಅದರ ತುದಿಯ ನೆಲೆಯನ್ನು ಖಚಿತಪಡಿಸಿಕೊಳ್ಳುತ್ತಾರೆ. ರೋಗಿ ಎಚ್ಚರವಾಗಿಯೇ ಇರಬೇಕು: ಸೂಜಿ ನರವನ್ನು ಸೋಕಿದೊಡನೆ ‘ಕಾಲಿಗೆ ಹೊಡೆಯಿತು’ ಎಂದು ಅವನು ಕೂಗುವ ಕೂಗಿಗಿಂತ ನಂಬತಕ್ಕ ಮಾಪಕ ಮತ್ತೊಂದಿಲ್ಲ. ಅದೇ ಸೂಜಿಯಿಂದ ನರದ ಸುತ್ತ ಊತವಿಳಿಸುವ ಸ್ಟೀರಾಯ್ಡನ್ನು ಬಿಡುವಾಗ ಅದರ ಕಣಗಳು ಮೆದುಳುಬಳ್ಳಿಯ ಧಮನಿಯನ್ನು ಸೇರಿದರೆ ಪಾರ್ಶ್ವವಾಯುವಿನಂಥ ವಿಪತ್ತು ಸಂಭವಿಸೀತು. ಅಪರೂಪವಾದರೂ ರೋಗಿಗೆ ಮೊದಲೇ ತಿಳಿಸತಕ್ಕ ಸಂಗತಿಯಿದು.

ಬಿಂಬವು ಸೂಜಿಗೆ ದಾರಿ ತೋರುತ್ತದೆ, ಸರಿ. ರೋಗವನ್ನು ನಿರ್ಣಯಿಸುವ ಅಧಿಕಾರವನ್ನೂ ಅದಕ್ಕೇ ಒಪ್ಪಿಸಿಬಿಡಬಹುದೆ? ಬೆನ್ನುನೋವೇ ಇಲ್ಲದ 98 ಮಂದಿಯ ಎಂ.ಆರ್.ಐ. ತೆಗೆದು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಲ್ಲ ಬಿಲ್ಲೆಗಳೂ ಸಹಜವಾಗಿದ್ದುದು ಶೇಕಡ 36 ಮಂದಿಯಲ್ಲಿ ಮಾತ್ರ. ನೆದರ್ಲೆಂಡ್ಸಿನಲ್ಲಿ ತೀವ್ರ ನೋವಿನ 283 ರೋಗಿಗಳನ್ನು ಬೇಗನೆ ಶಸ್ತ್ರಕ್ರಿಯೆಗೊಳಗಾದವರು, ಕಾದು ನೋಡಿದವರು ಎಂದು ವಿಭಾಗಿಸಿ ಪರೀಕ್ಷಿಸಿದಾಗ (ಇದು ಪ್ರಕಟವಾದುದು 2007ರಲ್ಲಿ), ಶಸ್ತ್ರಕ್ರಿಯೆಯಾದವರಿಗೆ ಬೇಗ ಉಪಶಮನವಾಯಿತು. ಆದರೆ ವರ್ಷದ ಕೊನೆಗೆ ಎರಡು ಗುಂಪಿನಲ್ಲೂ ಶೇಕಡ 95 ಮಂದಿ ಗುಣ ಕಂಡಿದ್ದರು. ಕಾದವರಲ್ಲಿ ಶೇಕಡ 39 ಮಂದಿ ನಡುವೆ ಶಸ್ತ್ರಕ್ರಿಯೆಗೆ ಒಳಗಾದರೆಂಬುದನ್ನೂ ಮರೆಯಲಾಗದು. ಹೊರಚಾಚಿದ ತಿರುಳನ್ನು ದೇಹವು ತಾನೇ ಮೆಲ್ಲನೆ ಹೀರಿಕೊಳ್ಳಬಲ್ಲುದು. ಆದುದರಿಂದ ಸೂಜಿಯ ಮುಖ್ಯ ಪ್ರಯೋಜನ, ಆ ಸ್ವಾಭಾವಿಕ ಗುಣ ಬರುವ ತನಕ ಮನುಷ್ಯನನ್ನು ನಿದ್ರಿಸಗೊಡುವುದು, ನಡೆಯಗೊಡುವುದು.

ಲೊಕ್ಕನಹಳ್ಳಿಯಿಂದ ಕೊಳ್ಳೇಗಾಲವನ್ನು ದಾಟಿ, ಅಲ್ಲಿಂದಲೂ ಸುಮಾರು 60 ಕಿಲೋಮೀಟರು ದೂರದ ಮೈಸೂರಿಗೆ ದಿನದ ಕೂಲಿಯನ್ನು ಕಳೆದುಕೊಂಡು ಹೋಗುವವನಿಗೆ ಈ ವಿವೇಚನೆ ಕೇವಲ ಪಾಂಡಿತ್ಯದ ವಿಷಯವಲ್ಲ. ಅಂಗಾತ ಮಲಗಿಸಿ ಕಾಲನ್ನು ನೆಟ್ಟಗೆ ಎತ್ತಿ ನೋಡುವುದು, ಹಿಮ್ಮಡಿಯ ಮೇಲೂ ತುದಿಗಾಲಿನಲ್ಲೂ ನಡೆಸುವುದು, ಹೆಬ್ಬೆರಳಿನ ಬಲವನ್ನು ಪರೀಕ್ಷಿಸುವುದು, ಇವಕ್ಕೆ ಯಂತ್ರ ಬೇಡ. ಊರಿನ ಆರೋಗ್ಯಕೇಂದ್ರದಲ್ಲಿಯೇ ಆಗತಕ್ಕವು. ಆರು ವಾರ ಕಳೆದರೂ ಕಾಲಿನ ನೋವು ಇಳಿಯದೆ, ಬಿಂಬದಲ್ಲಿ ಕಂಡ ಬಿಲ್ಲೆಯೂ ನೋವಿನ ಪಥವೂ ಒಂದಕ್ಕೊಂದು ಹೊಂದಿದಲ್ಲಿ ಸೂಚೀಚಿಕಿತ್ಸೆ ಯುಕ್ತ. ಆದರೆ ಮೂತ್ರ ಕಟ್ಟಿಕೊಂಡರೆ, ಗುದದ ಸುತ್ತಣ ಚರ್ಮ ಜೋಮು ಹಿಡಿದರೆ, ಪಾದ ಜೋಲುಬಿದ್ದರೆ, ಸೂಜಿಯನ್ನೂ ಕಾಯಬೇಡಿ, ಎಣ್ಣೆ ತಿಕ್ಕುತ್ತಲೂ ಕೂರಬೇಡಿ. ಅದೇ ದಿನ ಶಸ್ತ್ರಚಿಕಿತ್ಸೆಯ ಸೌಕರ್ಯವಿರುವ ಆಸ್ಪತ್ರೆಗೆ ರೋಗಿಯನ್ನು ಕರೆದೊಯ್ಯಿರಿ.