ಗಾಜಿನ ಕಪಾಟಿನ ಕತ್ತಿ, ಗಿರಿದುರ್ಗದ ನೀರು: ನಾಸಿಕ್–ಸಂಭಾಜಿನಗರ ಸೀಮೆಯ ಯುದ್ಧಕಾಲದ ಬದುಕು

2023ರವರೆಗೆ ಔರಂಗಾಬಾದ್ ಎಂಬ ಅಧಿಕೃತ ಹೆಸರಿದ್ದ ಛತ್ರಪತಿ ಸಂಭಾಜಿನಗರದಲ್ಲಿ ಛತ್ರಪತಿ ಶಿವಾಜಿ ಮಹಾರಾಜರ ಹೆಸರಿನ ಸಣ್ಣ ವಸ್ತುಸಂಗ್ರಹಾಲಯವೊಂದಿದ್ದು, ಮರಾಠಾ ಕಾಲದ ಆಯುಧಗಳು, ಯುದ್ಧಕವಚ, ಹಳೆಯ ಪೈಠಣಿ ಸೀರೆ, ಔರಂಗಜೇಬನ ಕೈಬರಹವೆಂದು ಹೇಳಲಾಗುವ ಕುರಾನ್ ಪ್ರತಿ ಅಲ್ಲಿ ಪ್ರದರ್ಶನಕ್ಕಿವೆ. ಕತ್ತಿ-ಗುರಾಣಿಗಳ ಮೂಲಕ ಯುದ್ಧವನ್ನು ಅರಿಯುವ ಈ ಕ್ರಮ ಬಯಲುಕಾಳಗಕ್ಕೆ ತಕ್ಕುದಾದರೂ, ನಾಸಿಕ್‌ನಿಂದ ಸಂಭಾಜಿನಗರದ ಬಳಿಯ ದೇವಗಿರಿಯವರೆಗಿನ ಬೆಟ್ಟಗಳ ಯುದ್ಧಕ್ಕೆ ಸಾಲದು. ಗಿರಿದುರ್ಗಗಳ ಅಳಿವು-ಉಳಿವು ಬಹುಮಟ್ಟಿಗೆ ನೀರು, ಧಾನ್ಯ ಮತ್ತು ಮೆಟ್ಟಿಲುಗಳ ಮೇಲೆ ನಿಂತಿತ್ತು.

ನಾಸಿಕ್ ಮತ್ತು ಸಂಭಾಜಿನಗರದ ಈ ಎರಡು ಸೀಮೆಗಳನ್ನು ರಾಜಕೀಯವಾಗಿ ಒಂದುಗೂಡಿಸಿದವರಲ್ಲಿ ಸೇವುಣರು ಮುಖ್ಯರು. ನಾಸಿಕ್ ಜಿಲ್ಲೆಯ ಸಿನ್ನರ ಪ್ರದೇಶದಲ್ಲಿ ತಲೆಯೆತ್ತಿ, ಕಲ್ಯಾಣದ ಚಾಲುಕ್ಯರ ಸಾಮಂತರಾಗಿದ್ದು, ಐದನೆಯ ಭಿಲ್ಲಮನ ಕಾಲಕ್ಕೆ ಸ್ವತಂತ್ರರಾಗಿ ದೇವಗಿರಿಯನ್ನು ರಾಜಧಾನಿ ಮಾಡಿಕೊಂಡ ಈ ಮನೆತನದ ಶಾಸನಗಳಲ್ಲಿ ಗಣನೀಯ ಪಾಲು ಕನ್ನಡದವು. 1296ರಲ್ಲಿ ಅಲ್ಲಾವುದ್ದೀನ್ ಖಿಲ್ಜಿ ಹಠಾತ್ತನೆ ದೇವಗಿರಿಗೆ ಮುತ್ತಿಗೆ ಹಾಕಿದಾಗ ಸೇವುಣ ಅರಸ ರಾಮಚಂದ್ರನ ಸೈನ್ಯದ ದೊಡ್ಡ ಭಾಗ ಊರಲ್ಲಿರಲಿಲ್ಲ. ಕೋಟೆಯೊಳಗೆ ಅವಸರದಲ್ಲಿ ಹೊತ್ತು ತಂದ ಮೂಟೆಗಳನ್ನು ಬಿಚ್ಚಿ ನೋಡಿದರೆ ಧಾನ್ಯದ ಬದಲು ಕೊಂಕಣದ ವರ್ತಕರು ಬಿಟ್ಟುಹೋಗಿದ್ದ ಉಪ್ಪಿತ್ತೆಂದು ಇತಿಹಾಸಕಾರ ಫೆರಿಶ್ತಾ ಬರೆಯುತ್ತಾನೆ. ಮೂರು ಶತಮಾನಗಳ ನಂತರ ಬರೆದ ಈ ಪ್ರಸಂಗವನ್ನು ಅಕ್ಷರಶಃ ನಂಬಬೇಕಾಗಿಲ್ಲವಾದರೂ, ಕಡಿದಾಗಿ ಕೆತ್ತಿದ ಬಂಡೆ, ಕಂದಕ, ಕತ್ತಲ ಸುರಂಗಗಳಿಂದ ಇಂದಿಗೂ ಬೆರಗು ಹುಟ್ಟಿಸುವ ಕೋಟೆ ಉಗ್ರಾಣದ ಕೊರತೆಯಿಂದ ಮಣಿಯಬಲ್ಲುದೆಂಬುದನ್ನು ಆ ಕಾಲದವರು ಚೆನ್ನಾಗಿ ಬಲ್ಲವರಾಗಿದ್ದರು. ಅದೇ ದುರ್ಗ ದೌಲತಾಬಾದ್ ಎಂಬ ಹೆಸರಿನಲ್ಲಿ 1633ರಲ್ಲಿ ಮೊಘಲ್ ಸೇನಾನಿ ಮಹಾಬತ್ ಖಾನನಿಗೆ ಶರಣಾದಾಗಲೂ, ತೋಪು ಮತ್ತು ಸುರಂಗಸ್ಫೋಟಗಳ ಜೊತೆಗೆ ಒಳಗಿನ ಹಸಿವು ತನ್ನ ಪಾಲಿನ ಕೆಲಸ ಮಾಡಿತ್ತು.

ಮರಾಠರ ದುರ್ಗಾಡಳಿತದಲ್ಲಿ ಈ ಅರಿವು ಬರಹದ ನಿಯಮವಾಯಿತು. ಶಿವಾಜಿಯ ವ್ಯವಸ್ಥೆಯಲ್ಲಿ ಕೋಟೆಯ ಹೊಣೆ ಒಬ್ಬನ ಕೈಯಲ್ಲಿರದೆ, ಕಾವಲಿನ ಮುಖ್ಯಸ್ಥನಾದ ಹವಾಲದಾರ, ಲೆಕ್ಕಪತ್ರ ಮತ್ತು ಹಾಜರಿ ನೋಡುವ ಸಬ್ನೀಸ, ಧಾನ್ಯ-ಸಾಮಗ್ರಿಗಳನ್ನು ಕಾಯುವ ಕಾರಖಾನೀಸ ಮೊದಲಾದವರಲ್ಲಿ ಹಂಚಿಹೋಗಿತ್ತು. ಉಗ್ರಾಣದವನಿಗೆ ಕಾವಲಿನವನ ಪಕ್ಕದಲ್ಲೇ ಸ್ಥಾನ ಕೊಟ್ಟದ್ದು ಗಮನಾರ್ಹ. 1715ರ ಸುಮಾರಿಗೆ ರಾಮಚಂದ್ರಪಂತ ಅಮಾತ್ಯನು ರಚಿಸಿದನೆನ್ನಲಾಗುವ ಆಜ್ಞಾಪತ್ರ ಎಂಬ ರಾಜನೀತಿ ಗ್ರಂಥವು, ಕೋಟೆ ಕಟ್ಟುವ ಮುನ್ನ ನೀರನ್ನು ನೋಡಬೇಕೆಂದೂ, ಒಂದು ಒರತೆಯಿದೆಯೆಂದು ನೆಮ್ಮದಿಯಿಂದಿರದೆ, ತೋಪಿನ ಸದ್ದಿಗೆ ಬಂಡೆಯ ಒರತೆ ಬತ್ತುವ ಭಯವಿರುವುದರಿಂದ ಬೇರೆ ತೊಟ್ಟಿಗಳನ್ನೂ ಕೊರೆಸಿ ನೀರು ಕಾದಿರಿಸಬೇಕೆಂದೂ ವಿಧಿಸುತ್ತದೆ. ಮರಾಠಿಯಲ್ಲಿ ಟಾಕೆ ಎನ್ನುವ ಈ ಕಲ್ಲುತೊಟ್ಟಿಗಳು ನಾಸಿಕ್ ಸೀಮೆಯ ದುರ್ಗಗಳಲ್ಲಿ ಹೆಜ್ಜೆಹೆಜ್ಜೆಗೂ ಸಿಗುತ್ತವೆ. ಚಿತ್ರದುರ್ಗದ ಅಕ್ಕ-ತಂಗಿಯರ ಹೊಂಡವನ್ನು ಕಂಡ ಕನ್ನಡಿಗರಿಗೆ ಅವುಗಳ ಮಹತ್ವವನ್ನು ವಿವರಿಸಬೇಕಾಗಿಲ್ಲ. ಕೋಟೆಯ ಕಸವನ್ನು ಕೆಳಕ್ಕೆ ಚೆಲ್ಲದೆ ಅಲ್ಲಲ್ಲೇ ಸುಟ್ಟು, ಆ ಬೂದಿ ಹಾಕಿ ಹಿತ್ತಲಲ್ಲಿ ತರಕಾರಿ ಬೆಳೆಯಬೇಕೆಂಬುದೂ ಅದೇ ಗ್ರಂಥದ ಕಟ್ಟಳೆ. ಸೈನಿಕ ದಿನವಿಡೀ ಕತ್ತಿ ಝಳಪಿಸುತ್ತಿದ್ದನೆಂಬ ಜನಪ್ರಿಯ ಚಿತ್ರವನ್ನು ಈ ಒಂದು ವಿಧಿ ಸಾಕಷ್ಟು ತಿದ್ದುತ್ತದೆ.

ನಾಸಿಕ್‌ಗೆ ಸಮೀಪದ ರಾಮಶೇಜ್, ಬಡ ಸಾಮಗ್ರಿಯಲ್ಲೂ ಮರಾಠಾ ಕಾವಲು ಹೇಗೆ ನಿಂತಿತೆಂಬುದಕ್ಕೆ ನಿದರ್ಶನ; ಅದು ಅಷ್ಟೇನೂ ಎತ್ತರದ ಕೋಟೆಯಲ್ಲ. 1682ರಲ್ಲಿ ಔರಂಗಜೇಬನ ಸೇನಾನಿ ಶಹಾಬುದ್ದೀನ್ ಖಾನನು ಅದನ್ನು ಮುತ್ತಿ, ದಮದಮೆ ಎಂಬ ಎತ್ತರದ ಮರದ ಅಟ್ಟಣೆ ಕಟ್ಟಿಸಿದರೂ ಗೆಲ್ಲಲಾಗಲಿಲ್ಲ. ಸೇನಾನಿಗಳು ಬದಲಾದರೂ ಕೋಟೆ ವರ್ಷಗಟ್ಟಲೆ ಕೈಗೆ ಸಿಗಲಿಲ್ಲ. ಒಳಗೆ ಕಬ್ಬಿಣದ ತೋಪುಗಳಿಲ್ಲದ್ದರಿಂದ ಕಿಲ್ಲೇದಾರನು ಮರದ ದಿಮ್ಮಿಗಳನ್ನು ಟೊಳ್ಳು ಮಾಡಿಸಿ, ತೊಗಲು ಬಳಸಿ ಗುಂಡು ಹಾರಿಸಿದನೆಂದು ಮೊಘಲ್ ಪಕ್ಷದ ಇತಿಹಾಸಕಾರ ಖಾಫಿ ಖಾನನೇ ಮೆಚ್ಚಿ ಬರೆದಿದ್ದಾನೆ. ನಾಸಿಕ್‌ನಲ್ಲಿ ಭಾರತೀಯ ಸೇನೆಯ ತೋಪುದಳಕ್ಕೆ ಮೀಸಲಾದ ವಸ್ತುಸಂಗ್ರಹಾಲಯವೇ ಇದ್ದು, ಲೋಹದ ತೋಪುಗಳ ಚರಿತ್ರೆ ಅಲ್ಲಿ ಭದ್ರವಾಗಿದೆ. ಮರ-ತೊಗಲಿನ ತೋಪುಗಳು ಮಾತ್ರ ಬರಹದಲ್ಲಷ್ಟೇ ಉಳಿದಿವೆ. ಬಡ ಸಾಮಗ್ರಿಯಿಂದ ನಡೆದ ಯುದ್ಧಕ್ಕೆ ವಸ್ತುಸಾಕ್ಷ್ಯ ಕಡಿಮೆಯಿರುವುದು ಸಹಜ; ಆದ್ದರಿಂದಲೇ ಸಂಗ್ರಹಾಲಯಗಳಲ್ಲಿ ಸರದಾರರ ಪಾಲು ದೊಡ್ಡದಾಗಿ, ಕಾವಲಿನವರ ಪಾಲು ಕಿರಿದಾಗಿ ಕಾಣುತ್ತದೆ.

ಇದೇ ಸೀಮೆಯ ಬಾಗಲಾಣದ ಸಾಲ್ಹೇರ್ ಕೋಟೆ 1672ರಲ್ಲಿ ಮೊಘಲರ ವಿರುದ್ಧದ ಬಯಲುಗೆಲುವಿಗೆ ಹೆಸರಾದುದು; 2025ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಗೆ ಸೇರಿಸಿದ 12 ಮರಾಠಾ ದುರ್ಗಗಳಲ್ಲಿ ಅದೂ ಒಂದು. ಆದರೆ ಬೆಟ್ಟದ ಯುದ್ಧಜೀವನವನ್ನು ಕೊನೆಗಾಣಿಸಿದ್ದು 1818. ಆ ವರ್ಷದ ಏಪ್ರಿಲ್‌ನಲ್ಲಿ ಬ್ರಿಟಿಷರಿಗೆ ತ್ರ್ಯಂಬಕ ದುರ್ಗ ಬಿದ್ದೊಡನೆ ಸುತ್ತಲಿನ ಅನೇಕ ಕೋಟೆಗಳು ಹೋರಾಟವಿಲ್ಲದೆ ಶರಣಾದವು. ಅವು ಮತ್ತೆ ಬಂಡಾಯಕ್ಕೆ ನೆಲೆಯಾಗದಂತೆ ಬ್ರಿಟಿಷ್ ಅಧಿಕಾರಿ ಕ್ಯಾಪ್ಟನ್ ಬ್ರಿಗ್ಸ್ ಹಲವೆಡೆ ಕಲ್ಲಿನ ಮೆಟ್ಟಿಲುಗಳನ್ನು ಸಿಡಿಸಿ ಹಾಳುಗೆಡವಿಸಿದನು. ಗೋಡೆಗಳಿಗಿಂತ ದಾರಿಯೇ ಕೋಟೆಯ ಜೀವನಾಡಿ ಎಂಬ ಲೆಕ್ಕಾಚಾರ ಇದರ ಹಿಂದಿತ್ತು, ಏಕೆಂದರೆ ಧಾನ್ಯದ ಮೂಟೆ ಮೇಲೇರದ ದುರ್ಗದಲ್ಲಿ ಕಾವಲೂ ನಿಲ್ಲದು. ಹಾಗೆ ನಾಶವಾಗದೆ ಉಳಿದ ಹರಿಹರ ಕೋಟೆಯಲ್ಲಿ, ಏಣಿಯಂತೆ ನೆಟ್ಟಗೆ ಏರುವ ಮೆಟ್ಟಿಲುಗಳ ಎರಡೂ ಬದಿಗೆ ಕೈಯೂರಲು ಗುಳಿಗಳನ್ನು ಕೊರೆಯಲಾಗಿದೆ. ಮೇಲಿನ ಬಯಲಿನಲ್ಲಿ ತೊಟ್ಟಿಗಳೂ, ನುಸುಳಿ ಒಳಹೋಗುವಷ್ಟೇ ಕಿರಿದಾದ ಬಾಯಿಯ ಕಲ್ಲಿನ ಕೊಠಾರವೂ ಇವೆ.